ಒಂದು ಕಿಲೋ ಕಮ್ಮಿ ಎಂದ ಕೈ

ನಮ್ಮ ಪೆಟ್ಟಿಗೆ ಅಣ್ಣನ ಪ್ಯಾಂಟಿಗೆ ಜೇಬೇ ಇರಲಿಲ್ಲ. ಚಿನ್ನ ಹೊರುವವರಿಗೆ ಕಂಪೆನಿ ಕೊಡುವುದೇ ಅಂಥದ್ದು. ರಜೆಯಲ್ಲಿ ಜೇಬಿದ್ದ ಪ್ಯಾಂಟು ಹಾಕಿದರೂ ಮೊಬೈಲು, ಬೀಗದಕೈ ಎರಡೂ ಕೈಯಲ್ಲೇ. "ಜೇಬು ಉಂಟಲ್ಲ ಅಣ್ಣ" ಅಂದರೆ, "ಹೌದಲ್ಲ ಮಾರಾಯ!" ಅಂತ ನಗುತ್ತಿದ್ದ.

ಗಲ್ಫಿನಲ್ಲಿ, ಜೆಬೆಲ್ ಅಲಿಯ ಗೋದಾಮಿನಿಂದ ದೇರಾದ ಅಂಗಡಿಗಳಿಗೆ ಚಿನ್ನದ ಗಟ್ಟಿ ಸಾಗಿಸುವ ವ್ಯಾನು ನಮ್ಮದು. ನಾನು ಡ್ರೈವರು, ಅವನು ಪೆಟ್ಟಿಗೆ ಹೊರುವವ. ಇಬ್ಬರೂ ಪುತ್ತೂರಿನ ಕಡೆಯವರು, ಅಲ್ ಕೂಜ್‌ನಲ್ಲಿ ಒಂದೇ ರೂಮು. ನಾನು ಓದಿದ್ದು ನಾಲ್ಕನೇ ಕ್ಲಾಸು, ಅವನು ಅಷ್ಟೂ ಇಲ್ಲ. ಆದರೆ ಅವನ ಕೈಯೇ ತಕ್ಕಡಿ. ಅಕ್ಕಿ ಚೀಲ ಎತ್ತಿಯೇ ಅಂಗಡಿಯವ ಎಷ್ಟು ನುಂಗಿದ ಅಂತ ಹೇಳುತ್ತಿದ್ದ.

ಒಂದು ದಿನ ಗೋದಾಮಿನಲ್ಲಿ ಸೀಲು ಹಾಕಿದ ಪೆಟ್ಟಿಗೆ ಎತ್ತಿದವನು ಅಲ್ಲೇ ನಿಂತ. "ಸಾರ್, ಇದರಲ್ಲಿ ಒಂದು ಕಿಲೋ ಕಮ್ಮಿ ಉಂಟು."

ಮ್ಯಾನೇಜರ್ ನಕ್ಕ. "ನಿನ್ನ ಕೈ ಏನು ಮಿಷನ್ನಾ? ಸೈನ್ ಹಾಕು."

ಅಣ್ಣ ನನ್ನ ಮುಖ ನೋಡಿದ. ನಾನೋ, ದೊಡ್ಡ ಮನುಷ್ಯ, "ಯಲ್ಲಾ, ಬೇಗ ಅಣ್ಣ, ಸೈನ್ ಹಾಕು, ಟ್ರಾಫಿಕ್ ಆಗ್ತದೆ" ಅಂದೆ. ಹಾಕಿದ.

ದೇರಾದಲ್ಲಿ ಪೆಟ್ಟಿಗೆ ಬಿಚ್ಚಿದರೆ ಒಂದು ಗಟ್ಟಿ ಇಲ್ಲ. ಕಳ್ಳ ಯಾರು? ಜೇಬಿಲ್ಲದವನು! ಪಾಸ್‌ಪೋರ್ಟ್ ಹಿಡಿದಿಟ್ಟರು, ಅವನ ಹಾಸಿಗೆ ಹರಿದು ನೋಡಿದರು. "ಹೇಳಿದ್ದೆನಲ್ಲ, ಹೇಳಿದ್ದೆನಲ್ಲ" ಅನ್ನುವುದೊಂದೇ ಅವನ ಮಾತು. ಮೂರು ವಾರದ ಮೇಲೆ ಆ ಗಟ್ಟಿ ಅವರದೇ ಗೋದಾಮಿನ ಕಪಾಟಿನಲ್ಲಿ ಸಿಕ್ಕಿತು. ಮ್ಯಾನೇಜರ್ ಅಂದದ್ದು ಒಂದೇ ಮಾತು: "ಖಲಾಸ್." ಕಳ್ಳತನದಲ್ಲಿ ಒಂದು ಸಾರಿ ಹೆಸರು ಬಂದವನಂತೆ, ಮತ್ತೆ ಪೆಟ್ಟಿಗೆ ಮುಟ್ಟಲು ಬಿಡಲಿಲ್ಲ. ವ್ಯಾನು ತೊಳೆಯಲು ಹಾಕಿದರು. ಅಂಥಾ ಕೈಯನ್ನು! ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ. ಅವರ ಮೇಲಷ್ಟೇ ಅಲ್ಲ, ನನ್ನ ಮೇಲೂ.

ವೀಸಾ ಮುಗಿಸಿ ಊರಿಗೆ ಹೋದ ಅಣ್ಣ, ವರ್ಷ ತುಂಬುವ ಮೊದಲೇ ತೀರಿಕೊಂಡ.

ಅವನು ಊರಿಗೆ ಹೊರಡುವ ಹಿಂದಿನ ದಿನವೇ, ಗಂಡನ ಜೊತೆ ಅಲ್ಲೇ ಇದ್ದ ನನ್ನ ಮಗಳಿಗೆ ಅಲ್ ಬರ್ಷಾದ ಆಸ್ಪತ್ರೆಯಲ್ಲಿ ಹೆಣ್ಣುಮಗು ಆದದ್ದು. ನನ್ನ ಮೊದಲ ಮೊಮ್ಮಗಳು! ಕಾಲು ನೆಲಕ್ಕೆ ತಾಗುತ್ತಿರಲಿಲ್ಲ ನನಗೆ. ಅಣ್ಣ ನೋಡಲು ಬಂದ. ಮಗುವನ್ನು ಎರಡೂ ಕೈಯಲ್ಲಿ ಎತ್ತಿ, ಕಣ್ಣು ಮುಚ್ಚಿ, "ಮೂರು ಕಿಲೋ ನೂರು" ಅಂದ. ನರ್ಸ್ ತೂಕದ ಚೀಟಿ ನೋಡಿ ಬಾಯಿ ಬಿಟ್ಟು ನಿಂತಳು.

ಅಣ್ಣ ಮಗುವನ್ನು ನನ್ನ ಕೈಗಿಟ್ಟ. "ಇದು ಸರಿ ಉಂಟು ಮಾರಾಯ," ಅಂದ. "ಇದಕ್ಕೆ ಸೈನ್ ಹಾಕು."