ಇಂಗ್ಲಿಷ್ ಹಾಡಿಗೆ ಕಮಲಾಪುರದ ಹಿಮ್ಮೇಳ

ನನಗೆ ಇಂಗ್ಲಿಷ್ ಹಾಡುಗಳು ಅರ್ಥವಾಗುವುದಿಲ್ಲ. ಇಂಗ್ಲಿಷ್‌ನಲ್ಲೇ ಎಂ.ಎ. ಮಾಡಿ, ಕಲಬುರಗಿಯ ಕಾಲೇಜೊಂದರಲ್ಲಿ ಅದನ್ನೇ ಕಲಿಸಿ ಸಂಬಳ ಎಣಿಸುವವಳು ಹೀಗೆ ಬರೆಯಬಾರದು, ಆದರೂ ಖರೆ. ಹಾಡುವವರು ಅರ್ಧ ಶಬ್ದ ನುಂಗುತ್ತಾರೆ, ಉಳಿದರ್ಧವನ್ನು ಗಿಟಾರು ನುಂಗುತ್ತದೆ. ಒಂದು ಹಾಡು ಮಾತ್ರ ಮೊದಲ ಸಲಕ್ಕೇ ತಿಳಿಯಿತು. ಅದರ ಹೆಸರು ಹೇಳುವುದಿಲ್ಲ. ಹೇಳಿದರೆ ನೀವು ಮೊಬೈಲಿನಲ್ಲಿ ಅದನ್ನು ಹುಡುಕಲು ಹೋಗುತ್ತೀರಿ, ಈ ಬರಹ ಇಲ್ಲೇ ಬಿದ್ದಿರುತ್ತದೆ.

ಹಳೆಯ ರಾಕ್ ಹಾಡು, ಹೆಚ್ಚು ಕಡಿಮೆ ನಮ್ಮವ್ವನ ವಯಸ್ಸಿನದು. ಒಬ್ಬ ಗಂಡಸು ಒಡಕು ದನಿಯಲ್ಲಿ ದೇವರ ಜೊತೆ ತಕರಾರು ತೆಗೆಯುತ್ತಾನೆ. ಅರ್ಧ ಹಾಡಿನ ತನಕ ಅವನೊಬ್ಬನೇ. ಆಮೇಲೆ ಅವನ ಬೆನ್ನ ಹಿಂದಿನಿಂದ ಹೆಂಗಸರ ದನಿಗಳು ಏಳುತ್ತವೆ. ಹಾಸ್ಟೆಲಿನಲ್ಲಿ ಗೆಳತಿಯ ಫೋನಿನಿಂದ ಅದು ಬಂದಾಗ ನಾನು, "ಅಯ್ಯ, ಇವರು ಹೊಲದಾಗ ಕಳಿ ತೆಗಿಯೋರು" ಅಂದುಬಿಟ್ಟೆ. ಗೆಳತಿ ನಕ್ಕಳು. ಆಮೇಲೆ ಓದಿ ನೋಡಿದರೆ ನನ್ನ ಮಾತು ಪೂರಾ ಸುಳ್ಳಾಗಿರಲಿಲ್ಲ. ಅಮೆರಿಕದ ಹತ್ತಿ ಹೊಲಗಳಲ್ಲಿ ಗುಲಾಮರಾಗಿ ದುಡಿದ ಕಪ್ಪು ಜನರ ಹಾಡಿಕೆ ಅದು. ಒಬ್ಬರು ಎತ್ತಿಕೊಡುವುದು, ಉಳಿದವರು ಹಿಡಿಯುವುದು. ಅದು ಹೊಲದಿಂದ ಅವರ ಚರ್ಚಿಗೆ ಹೋಯಿತು, ಚರ್ಚಿನಿಂದ ಗಿಟಾರಿನವರ ಕೈಗೆ ಬಂತು. ಹಾಡು ಲೋಕಪ್ರಸಿದ್ಧವಾಯಿತು, ಮುಂದೆ ಹಾಡಿದವನ ಫೋಟೊ ರೆಕಾರ್ಡಿನ ಹೊದಿಕೆಯ ಮೇಲೆ ಬಂತು. ಹಿಂದೆ ಹಾಡಿದ ಹೆಂಗಸರ ಹೆಸರುಗಳನ್ನು ಹುಡುಕಿದೆ, ನನಗೆ ಸಿಗಲಿಲ್ಲ.

ನಮ್ಮವ್ವ ಕಮಲಾಪುರದವಳು. ಹಗಲು ತೊಗರಿ ಹೊಲದಲ್ಲಿ ಕಳೆ, ಸೋಮವಾರ ಸಂಜೆ ಗುಡಿಕಟ್ಟೆಯ ಮೇಲೆ ಭಜನೆ. ಎರಡೂ ಕಡೆ ಅದೇ ಹೆಂಗಸರು, ಅದೇ ಕಾಯಿದೆ. ಮುಂದಿನವಳು ಏನು ಎತ್ತಿಕೊಟ್ಟರೂ ಹಿಂದಿನವರು ಹಿಡಿಯಬೇಕು. ಆಕೆಗೆ ಕೆಮ್ಮು ಬಂದರೆ, ಸಾಲು ಮರೆತರೆ, ಹಿಂದಿನವರು ಹಿಡಿದ ಸಾಲಿನಲ್ಲೇ ಸುತ್ತುತ್ತಿರಬೇಕು. ಮಂಗಳ ಹೇಳುವ ತನಕ ನಿಲ್ಲಿಸುವಂತಿಲ್ಲ.

ಹೋದ ವರ್ಷ ಕಾಲೇಜಿನ ವಾರ್ಷಿಕ ಗ್ಯಾದರಿಂಗಿಗೆ ಸಮೀರ್ ಅದೇ ಹಾಡು ಆರಿಸಿಕೊಂಡ. ಕಲಬುರಗಿಯ ರೋಜಾ ಬಡಾವಣೆಯ ಹುಡುಗ, ಬಿ.ಎ. ಕೊನೆಯ ವರ್ಷ, ಒಳ್ಳೆಯ ಕಂಠ. ಹಿಮ್ಮೇಳಕ್ಕೆ ನಮ್ಮ ಹುಡುಗಿಯರು ಯಾರೂ ಒಪ್ಪಲಿಲ್ಲ. "ಹಿಂದ ನಿಂತು ಓ ಅನ್ನಾಕ ನಾವ್ಯಾಕ್ರಿ ಮೇಡಂ?" ಅಂದರು. ನನಗೆ ಆ ಮಾತು ನಾಟಿತು. "ನಮ್ಮವ್ವನ ಮೇಳ ಅದ, ಕರಿಸ್ತೀನಿ" ಅಂದುಬಿಟ್ಟೆ.

ಅಂದಮೇಲೆ ಅಂಜಿಕೆ ಶುರುವಾಯಿತು. ನಮ್ಮ ಕಾಲೇಜು ಹಾಲ್‌ನ ಹಿಂದಿನ ಬೆಂಚುಗಳು ಯಾರನ್ನೂ ಬಿಡುವುದಿಲ್ಲ. ಉದ್ಘಾಟನೆಗೆ ಬಂದ ಸಾಹೇಬರನ್ನೇ ಸಿಳ್ಳೆ ಹಾಕಿ ಕೂರಿಸಿದವು. ಮನೆತನದಲ್ಲಿ ಮೊದಲು ಪದವಿ ಪಡೆದವಳು ನಾನು; ಹೊಲದಲ್ಲಿ ಬಗ್ಗಿ ಬಗ್ಗಿ ಆ ಪದವಿ ಕೊಡಿಸಿದವಳನ್ನು ನೋಡಿ ಒಬ್ಬ ಹುಡುಗ ನಕ್ಕರೂ ನಾನು ತಡೆಯಲಾರೆ. ಅವ್ವನ ಮುಂದೆ ಇದನ್ನು ಹೇಗೆ ಹೇಳಲಿ?

ಸಮೀರ್ ಗಿಟಾರು ಹೊತ್ತು ಕಮಲಾಪುರದ ಬಸ್ಸು ಹತ್ತಿದ. ಮೇಳದವರು ಮೊದಲು ಅವನಿಗೆ ಕೆಂಪು ಬಾಳೆಹಣ್ಣು ತಿನ್ನಿಸಿದರು, ಆಮೇಲೆ ಹಾಡಿಸಿದರು.

"ಊಟ ಮಾಡಿ ಬಂದೀಯೋ ಇಲ್ಲೋ ತಮ್ಮಾ? ದನಿ ಒಡದದಲ್ಲ" ಅಂದಳು ಅವ್ವನ ಗೆಳತಿ ಕಾಶೀಬಾಯಿ.

"ಹಾಡೇ ಹಂಗ ಅದರೀ ಕಾಕಿ."

"ಇಂಗ್ಲಿಷ್ ನಮ್ಮ ಬಾಯಾಗ ತಿರಗಂಗಿಲ್ಲ ನೋಡಪಾ" ಎಂದಳು ಅವ್ವ.

"ನಿಮ್ಮದು ಬರೇ ಓ ಲಾರ್ಡ್ ಅದರೀ ಅಮ್ಮಾ. ಓ ದೇವರೇ ಅಂತ."

"ಅಷ್ಟೇ ಏನು? ಅದು ನಮಗ ದಿನಾ ಬರ್ತದ."

ಗ್ಯಾದರಿಂಗಿನ ದಿನ ಇಳಕಲ್ ಸೀರೆಯ ಸೆರಗು ತಲೆಯ ಮೇಲೆ ಹೊದ್ದು, ತಾಳ ಹಿಡಿದು ಅವರು ಸಮೀರನ ಹಿಂದೆ ನಿಂತರು. ನಾನು ಪರದೆಯ ಬದಿಗೆ. ಅವನ ಅರ್ಧ ಹಾಡು ಮುಗಿಯಿತು. ಹೆಂಗಸರ ದನಿ ಎದ್ದಿತು. ಹೊಲದ ಈ ಬದುವಿನಿಂದ ಆ ಬದುವಿಗೆ ಮುಟ್ಟುವ ದನಿಗೆ ಮೈಕು ಬೇರೆ ಕೊಟ್ಟಿದ್ದೆವು. ಹಿಂದಿನ ಬೆಂಚುಗಳು ಸುಮ್ಮನಾದವು.

ಎಡವಟ್ಟಾದದ್ದು ಕೊನೆಗೆ. ಮೂಲ ಹಾಡಿಗೆ ಮುಗಿತಾಯವೇ ಇಲ್ಲ, ಸಣ್ಣಗಾಗುತ್ತ ಸಣ್ಣಗಾಗುತ್ತ ಅಡಗಿ ಹೋಗುತ್ತದೆ. ಸಮೀರ್ ಗಿಟಾರು ನಿಲ್ಲಿಸಿ, ಮೈಕಿನಲ್ಲಿ "ಥ್ಯಾಂಕ್ಯೂ ಕಲಬುರಗಿ" ಅಂದ. ಮಂಗಳವಂತೂ ಆಗಿಲ್ಲ, ಮುಂದಿನವನು ಹೊಸ ಸಾಲು ಎತ್ತಿಕೊಟ್ಟ ಎಂದುಕೊಂಡು ನಮ್ಮವರು ಅದೇ ರಾಗದಲ್ಲಿ ಹಿಡಿದರು: "ಥ್ಯಾಂಕ್ಯೂ ಕಲಬುರಗೀ..."

ಇಡೀ ಹಾಲ್ ನಕ್ಕಿತು. ಯಾವ ನಗೆಗೆ ಅಂಜಿದ್ದೆನೋ ಅದೇ ನಗೆ. ನಾನು ಪರದೆ ಎಳೆಸಲು ಕೈ ಎತ್ತಿದೆ. ಆದರೆ ಸಮೀರ್ ದರ್ಗಾದ ಉರುಸಿನಲ್ಲಿ ಕವ್ವಾಲಿಯವರ ಹಿಂದೆ ಕುಳಿತು ಚಪ್ಪಾಳೆ ಹಾಕಿ ಬೆಳೆದವನು. ಅವನಿಗೆ ಕಾಯಿದೆ ತಿಳಿಯಿತು. ತಿರುಗಿ ಅವ್ವನಿಗೆ ಆದಾಬ್ ಮಾಡಿ, ಗಿಟಾರು ಮತ್ತೆ ಮೀಟಿ ಎತ್ತಿಕೊಟ್ಟ: "ಥ್ಯಾಂಕ್ಯೂ ಕಮಲಾಪುರ." ಅವರು ಹಿಡಿದರು. ಹಿಂದಿನ ಬೆಂಚುಗಳೂ ಹಿಡಿದವು, ಚಪ್ಪಾಳೆ ಸಮೇತ. ಆಮೇಲೆ ಅವನು ಬದಿಗೆ ಸರಿದು ಮೈಕನ್ನು ಅವ್ವನ ಮುಂದೆ ಹಿಡಿದ.

ಕಳೆ ತೆಗೆಯುವಾಗ ಸಾಲು ಕಟ್ಟುವುದು ಅವ್ವನಿಗೆ ಹೊಸದಲ್ಲ. ನನ್ನ ಕಡೆ ನೋಡಿ ಎತ್ತಿಕೊಟ್ಟಳು: "ನಮ್ಮ ಹುಡುಗಿ ಸಾಲಿ ಕಲಿತಾಳ..."

ಹಿಂದಿನವರು ಹಿಡಿದರು. "ನಮ್ಮ ಹುಡುಗಿ ಸಾಲಿ ಕಲಿತಾಳ." ಅವ್ವ ಕೂಲಿಗೆ ಹೋದ ದಿನ ನನಗೆ ರೊಟ್ಟಿ ಕೊಟ್ಟ ಕಾಶೀಬಾಯಿಯೂ, ಪರೀಕ್ಷೆಯ ದಿನ ಬಸ್ಸು ನಿಲ್ಲಿಸಲು ರಸ್ತೆಗೆ ಅಡ್ಡ ನಿಂತವಳೂ, ಎಲ್ಲರೂ ಬಾಯಿ ತುಂಬ ನಮ್ಮ ಹುಡುಗಿ ಅಂದರು. ಸುಳ್ಳೇನೂ ಹೇಳಲಿಲ್ಲ. ಅವ್ವ ತಾಳ ಬಡಿದು ಮಂಗಳ ಹೇಳಿದಳು.

ಮನೆಗೆ ಬಂದು ಗೋಡೆಯ ಮೇಲಿನ ನನ್ನ ಪದವಿ ಪತ್ರ ನೋಡಿದೆ. ಒಂದೇ ಹೆಸರಿದೆ. ಅದನ್ನು ಅಚ್ಚು ಹಾಕಿದವರು ಭಜನೆಗೆ ಹೋದವರಲ್ಲ, ಪಾಪ.