ಆಯಿಗೆ ಗೊತ್ತಿದ್ದ ದನಿ

ಕಂಪ್ಯೂಟರ್ ಕೆಟ್ಟು ಸಹಾಯ ಕೇಳಲು ಬರುವವರು ಮೊದಲು ಬರೆಯುವ ಮಾತು ಹೆಚ್ಚುಕಮ್ಮಿ ಒಂದೇ: ‘ನಾನೇನೂ ಮಾಡಿಲ್ಲ, ತನ್ನಷ್ಟಕ್ಕೇ ಹೀಗಾಯಿತು.’ ಇಂಥ ತೊಂದರೆಗಳನ್ನು ಕನ್ನಡದಲ್ಲೇ ಹೇಳಿಕೊಳ್ಳಬಹುದಾದ ಒಂದು ಆನ್‌ಲೈನ್ ವೇದಿಕೆಯಿದೆ. ಅಲ್ಲಿ ಈಗ ನಾನೂ ಉತ್ತರ ಕೊಡುವವಳು. ಸಂಬಳವಿಲ್ಲ, ಸನ್ಮಾನವಿಲ್ಲ, ಶಾಲು ಹೊದಿಸುವವರಂತೂ ಇಲ್ಲವೇ ಇಲ್ಲ. ಕಾರವಾರದ ಆಫೀಸು ಬಿಟ್ಟು ಅಂಕೋಲೆಗೆ ಮರಳುವ ಬಸ್ಸಿನಲ್ಲಿ ಕೂರಲು ಜಾಗ ಸಿಕ್ಕರೆ ಸಾಕು, ಅಮದಳ್ಳಿ ದಾಟುವುದರೊಳಗೆ ಯಾರದೋ ಪ್ರಿಂಟರಿಗೆ ಜೀವ ಬರಿಸಿರುತ್ತೇನೆ. ‘ಏನೂ ಮಾಡಿಲ್ಲ’ ಎಂದವರನ್ನು ನಾನು ಬಯ್ಯುವುದಿಲ್ಲ. ‘ಏನೂ ಮಾಡದೇ ಇದ್ದಾಗ ಮನೆಯಲ್ಲಿ ಏನೇನು ಮಾಡುತ್ತಿದ್ದಿರಿ, ಅದನ್ನು ಬರೆಯಿರಿ’ ಎನ್ನುತ್ತೇನೆ. ಕೆಲವರಿಗೆ ಸಿಟ್ಟು ಬರುತ್ತದೆ. ಬರಲಿ, ನನಗೂ ಬಂದಿತ್ತು.

ನಮ್ಮ ಮನೆಯಲ್ಲಿ ನಾಲ್ಕು ಜನ: ನಾವು ಆಯಿ ಎಂದು ಕರೆಯುವ ತಾಯಿ, ಅಣ್ಣ, ಅತ್ತಿಗೆ, ನಾನು. ಅಣ್ಣ ಅಂಕೋಲೆ–ಕಾರವಾರ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು. ಅವನು ‘ಹಟ್ಟಿಕೇರಿ, ಅವರ್ಸಾ, ಬಿಣಗಾ’ ಎಂದು ಕೂಗಿದರೆ ನಿದ್ದೆ ಹೋದವರಷ್ಟೇ ಅಲ್ಲ, ರಸ್ತೆ ಬದಿಯ ನಾಯಿಗಳೂ ಏಳುತ್ತಿದ್ದವು. ಅಂಥವನಿಗೆ ಗಂಟಲಿನ ಕಾಯಿಲೆ ಬಂದು, ಆಪರೇಷನ್ ಮಾಡಿ ಧ್ವನಿಪೆಟ್ಟಿಗೆಯನ್ನೇ ತೆಗೆದುಬಿಟ್ಟರು. ಜೀವ ಉಳಿಯಿತು, ದನಿ ಹೋಯಿತು. ನನಗೂ ಅತ್ತಿಗೆಗೂ ಚೀಟಿ ಬರೆದು ತೋರಿಸಿದರೆ ಆಯಿತು. ಆದರೆ ಆಯಿಗೆ ಅಷ್ಟರೊಳಗೆ ಎರಡೂ ಕಣ್ಣು ಹೋಗಿದ್ದವು. ಅವರಿಬ್ಬರ ನಡುವೆ ಚೀಟಿಯೂ ನಡೆಯುವುದಿಲ್ಲ, ಸನ್ನೆಯೂ ನಡೆಯುವುದಿಲ್ಲ.

ಅದಕ್ಕೇ ಅಣ್ಣ ಕಂಪ್ಯೂಟರ್ ಕಲಿತ. ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳುವ ಒಂದು ಪುಕ್ಕಟೆ ತಂತ್ರಾಂಶ ಸಿಕ್ಕಿತು. ಕನ್ನಡದಲ್ಲಿ ಅದಕ್ಕಿದ್ದದ್ದು ಒಂದೇ ದನಿ, ಅದೂ ಹೆಂಗಸಿನದು. ಮೂಗು ಕಟ್ಟಿದವಳ ಹಾಗೆ, ಪ್ರತಿ ಪದಕ್ಕೂ ಒಂದು ಗಳಿಗೆ ನಿಂತು ಓದುತ್ತಿತ್ತು. ಅಣ್ಣ ಅದರೊಳಗೆ ನಮ್ಮ ಮನೆಮಾತನ್ನೇ ಟೈಪ್ ಮಾಡಿ ಗುಂಡಿ ಒತ್ತುತ್ತಿದ್ದ. ಮೊದಲು ಆಯಿ ಬೆದರಿದಳು. ಆಮೇಲೆ ಯಾರು ಕೇಳಿದರೂ ‘ದನಿ ಹೆಂಗಸಿಂದಾದ್ರೂ ಮಾತು ಇವಂದೇಯಾ’ ಎನ್ನತೊಡಗಿದಳು. ದಿನಾ ಸಂಜೆ ಚಾ ಹೊತ್ತಿಗೆ ಅವಳ ಕುರ್ಚಿ ಕಂಪ್ಯೂಟರಿನ ಪಕ್ಕಕ್ಕೆ ಬರುತ್ತಿತ್ತು. ತಾಯಿ ಮಗ ಸೇರಿ ಊರಿನ ಮದುವೆ, ಮೀನಿನ ರೇಟು, ಹಿಲ್ಲೂರಿನ ನೆಂಟರ ಹುಳುಕು ಎಲ್ಲ ಮಾತಾಡಿ ಮುಗಿಸುತ್ತಿದ್ದರು.

ದೀಪಾವಳಿಗೆ ಇನ್ನೂ ಸ್ವಲ್ಪ ದಿನ ಇದ್ದಾಗಿನ ಒಂದು ಸಂಜೆ. ಆಯಿ ಚಾಕ್ಕೆ ಎರಡನೇ ಸಲ ಸಕ್ಕರೆ ಹಾಕಿಸಿಕೊಂಡದ್ದಕ್ಕೆ ಅಣ್ಣ ಉದ್ದಕ್ಕೆ ಬೈಗುಳ ಟೈಪ್ ಮಾಡಿದ. ಯಂತ್ರ ಅದನ್ನು ತನ್ನ ಮೂಗಿನಲ್ಲೇ ಓದಿತು. ಆಯಿ ನಕ್ಕು, “ಗಂಡಸಾಗಿ ಹುಟ್ಟಿ ಕಡೀಗೆ ಹೆಂಗಸಿನ ದನೀಲಿ ಬಯ್ಯೂಕೆ ಹತ್ತಿದ್ಯಲ್ಲೋ ತಮಾ! ಹಾದೀಲಿ ಹೋಗೋರು ಸೊಸೆ ಬಯ್ತದೆ ಹೇಳ್ಕಂಡು ಹೋಗ್ತ್ರು” ಎಂದಳು. ನಾವೆಲ್ಲ ನಕ್ಕೆವು. ಅಣ್ಣನಿಗೂ ದನಿಯಿಲ್ಲದ ನಗೆ ಬಂದು ಭುಜ ಕುಣಿಯಿತು. ಅಷ್ಟರಲ್ಲಿ ಮಳೆ ಬಂತು, ಎಲ್ಲರೂ ಎದ್ದು ಅವರವರ ಕೆಲಸಕ್ಕೆ ಹೋದೆವು.

ಮಾರನೆ ದಿನ ಕಂಪ್ಯೂಟರ್ ಶುರುವೇನೋ ಆಯಿತು, ಆದರೆ ಕನ್ನಡ ಓದಲಿಲ್ಲ. ಇಂಗ್ಲಿಷ್ ಅಕ್ಷರ ಹೊಡೆದರೆ ಓದುತ್ತದೆ, ಕನ್ನಡಕ್ಕೆ ಮಾತ್ರ ತುಟಿ ಬಿಚ್ಚುವುದಿಲ್ಲ. ಅಣ್ಣ ಆಯಿಯ ಕೈ ಹಿಡಿದು ಕೂತ. ಕಂಪ್ಯೂಟರ್ ಕೆಟ್ಟಿದೆ ಎಂದು ಅತ್ತಿಗೆ ಬಿಡಿಸಿ ಹೇಳಿದಳು. ಆಯಿ ನಂಬಲಿಲ್ಲ. ಹಿಂದಿನ ಸಂಜೆ ತಾನು ಆಡಿದ ಮಾತಿಗೆ ಮಗನಿಗೆ ನೋವಾಗಿ ಮಾತು ಬಿಟ್ಟಿದ್ದಾನೆ ಎಂದೇ ಅವಳ ಲೆಕ್ಕ. “ಕೈ ಹಿಡೀತಾ, ಮಾತಾಡೂದಿಲ್ಲ. ಅಷ್ಟು ಸಿಟ್ಟಾ?” ಎಂದು ನನ್ನನ್ನು ಕೇಳಿದಳು. ಅಣ್ಣ ತನ್ನ ಫೋನಿನಲ್ಲಿದ್ದ ಕನ್ನಡ ದನಿಯಿಂದ ಉತ್ತರ ಕೊಡಿಸಲು ಹೋದ. ಆಯಿ ಒಂದು ಗಳಿಗೆ ಕೇಳಿ, “ಕಂಪನಿಯವ್ರ ಫೋನು, ಇಟ್ಬಿಡು” ಎಂದಳು. ಆ ದಿನದಿಂದ ಅವಳ ಕುರ್ಚಿ ಒಳಕೋಣೆಯಲ್ಲೇ ಉಳಿಯಿತು.

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಆದರೆ ಕೈಕಟ್ಟಿ ಕೂರುವವಳಲ್ಲ. ರಿಪೇರಿ ಅಂಗಡಿಯವನು ‘ಫಾರ್ಮ್ಯಾಟ್ ಹೊಡೆಯಬೇಕು’ ಎಂದ. ಶೀತಕ್ಕೂ ಅದೇ, ಸನ್ನಿಗೂ ಅದೇ ಅವನ ಮದ್ದು. ನಾನು ಆ ವೇದಿಕೆ ಹುಡುಕಿ, ಖಾತೆ ತೆರೆದು, ನಮ್ಮ ಕಷ್ಟವನ್ನು ಬರೆದು, ಪರದೆಯ ಫೋಟೋ ತೆಗೆದು ಅಂಟಿಸಿದೆ. ಒಬ್ಬರು ರೀಸ್ಟಾರ್ಟ್ ಮಾಡಿ ಎಂದರು. ಇನ್ನೊಬ್ಬರು ಸ್ಪೀಕರಿನ ವೈರ್ ಸರಿಯಾಗಿ ಚುಚ್ಚಿದೆಯೇ ಎಂದು ಕೇಳಿದರು. ಕೊನೆಗೆ, ಹೆಸರಿನ ಬದಲು ಒಂದು ಕೆಟಲಿನ ಚಿತ್ರ ಹಾಕಿಕೊಂಡಿದ್ದವರು ಬಂದರು. ಅವರು ಬರೆದದ್ದು ಇಷ್ಟೇ: ‘ಫೋಟೋ ಬೇಡ. ಪರದೆಯ ಮೇಲೆ ಏನಿದೆಯೋ ಅದನ್ನು ಅಕ್ಷರಕ್ಕೆ ಅಕ್ಷರ ಬರೆಯಿರಿ. ಕೆಡುವುದಕ್ಕೆ ಮುಂಚೆ ಏನು ಮಾಡಿದಿರಿ?’

ಎಂಥ ಗರ್ವ ಇವರಿಗೆ, ಫೋಟೋ ತೆರೆದು ನೋಡಿದರೆ ಕೈ ಸವೆಯುತ್ತದೆಯೇ ಎಂದುಕೊಂಡೆ. ಆದರೂ ಬರೆದೆ. ಮೇಲೆ ಏನಿದೆ, ಕೆಳಗೆ ಏನಿದೆ, ಯಾವ ಗುಂಡಿ ಮಂಕಾಗಿದೆ, ಎಲ್ಲವನ್ನೂ ಬರೆದೆ. ಮೊದಲೇನು ಮಾಡಿದಿರಿ ಎಂಬುದಕ್ಕೆ ಮಾತ್ರ ‘ಏನೂ ಮಾಡಿಲ್ಲ’ ಎಂದೆ. ಅವರು ಒಂದಿಷ್ಟು ಕಡೆ ಒತ್ತಿಸಿ ನೋಡಿ, ಮತ್ತೆ ಅದನ್ನೇ ಕೇಳಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಪೈಕಿ ನಾನಲ್ಲ. ‘ಸಾರ್, ಏನೂ ಮಾಡಿಲ್ಲ ಎಂದರೆ ಏನೂ ಮಾಡಿಲ್ಲ’ ಎಂದು ಬಿರುಸಾಗಿಯೇ ಬರೆದೆ. ಅವರಿಗೆ ಸಿಟ್ಟು ಬರಲಿಲ್ಲ. ಬೇರೊಂದು ಜಾಗ ತೆರೆದು ಅಲ್ಲೇನಿದೆ ಓದಿ ಎಂದರು.

ಶನಿವಾರ ಮಧ್ಯಾಹ್ನ ಅವರು ಹೇಳಿದಂತೆ ಮಾಡುತ್ತ ಕೂತಿದ್ದಾಗ ಬೇಲೆಕೇರಿ ಕಡೆಯಿಂದ ಮೋಡ ಕಪ್ಪಾಗಿ ಬಂತು. ನಾನು ಗಡಬಡಿಸಿ, ‘ಇಲ್ಲಿ ಗುಡುಗು ಶುರುವಾಯಿತು, ಅತ್ತಿಗೆ ಪ್ಲಗ್ ಕೀಳಲು ಬರುತ್ತಿದ್ದಾಳೆ, ಆಮೇಲೆ ಬರೆಯುತ್ತೇನೆ’ ಎಂದು ಕಳಿಸಿದೆ. ಕಳಿಸಿದ್ದೇ ತಡ, ಪರದೆ ಕಪ್ಪಾಯಿತು. ಮಳೆ ಹೊಳವಾದ ಮೇಲೆ ಎಲ್ಲ ಹಚ್ಚಿ ನೋಡಿದರೆ ಕೆಟಲಿನವರ ಉತ್ತರ ಕಾದಿತ್ತು: ‘ಯಾವ ಪ್ಲಗ್?’

ಇದೆಂಥ ಪ್ರಶ್ನೆ! ಟಿವಿ, ಫ್ರಿಜ್, ಮಿಕ್ಸರ್, ಕಂಪ್ಯೂಟರ್, ಗೋಡೆಗೆ ಚುಚ್ಚಿದ್ದೆಲ್ಲ ಎಂದೆ. ‘ಕಂಪ್ಯೂಟರನ್ನು ಮೊದಲು ಆಫ್ ಮಾಡುತ್ತೀರಾ?’ ‘ಗುಡುಗು ಬಂದಾಗ ಅಷ್ಟು ಪುರಸೊತ್ತು ಯಾರಿಗಿರುತ್ತದೆ?’ ಸ್ವಲ್ಪ ಹೊತ್ತು ಬಿಟ್ಟು ಮೂರನೇ ಪ್ರಶ್ನೆ ಬಂತು: ‘ದನಿ ಹೋದದ್ದರ ಹಿಂದಿನ ದಿನ ಗುಡುಗಿತ್ತೇ?’

ನಾನು ತಿರುಗಿ ಅತ್ತಿಗೆಯನ್ನು ನೋಡಿದೆ. ಬಾಗಿಲಲ್ಲಿ ನಿಂತು ಮೀನಿನ ಪಾತ್ರೆ ಒರೆಸುತ್ತಿದ್ದವಳು, “ಹ್ಞಾಂ, ಗುಡುಗಿತ್ತಲೆ. ಪ್ಲಗ್ ತೆಗದಿದ್ದೆ. ಗುಡುಗು ಬಂದ್ರೆ ತೆಗೂದೇ ಅಲ್ವಾ?” ಎಂದಳು. ಪರದೆಯ ಮೇಲೆ ಆಗ ಏನಿತ್ತು ಎಂದು ಕೇಳಿದೆ. “ನಂಗೆಂತಾ ಗೊತ್ತು? ಒಂದು ಬಿಳೀ ಬಳೆ ಗರಗರ ತಿರಗ್ತಿತ್ತು.” ಅಣ್ಣ ಹಣೆ ಚಚ್ಚಿಕೊಂಡು ಚೀಟಿ ಬರೆದು ತೋರಿಸಿದ. ಆ ಸಂಜೆ ಚಾ ಮುಗಿಸಿ ಏಳುವಾಗ ಕಂಪ್ಯೂಟರ್ ಅಪ್‌ಡೇಟ್ ಕೇಳಿತ್ತು, ಒಪ್ಪಿ ಗುಂಡಿ ಒತ್ತಿ ಸ್ನಾನಕ್ಕೆ ಹೋಗಿದ್ದ. ಕಂಪ್ಯೂಟರ್ ಹಳೆಯ ದನಿಯನ್ನು ತೆಗೆದು ಹೊಸದನ್ನು ಇಡುತ್ತಿದ್ದ ಹೊತ್ತಿಗೆ ಸರಿಯಾಗಿ ಅತ್ತಿಗೆಯ ಕೈ ಗೋಡೆಗೆ ಹೋಗಿದೆ.

ಅವಳನ್ನು ಬಯ್ಯುವಂತಿಲ್ಲ. ನಮ್ಮ ಕಡೆ ಮೊದಲ ಗುಡುಗಿಗೆ ಯಾರು ಹತ್ತಿರ ಇರುತ್ತಾರೋ ಅವರು ಪ್ಲಗ್ ಕೀಳಬೇಕು. ಅಕ್ಕಪಕ್ಕದಲ್ಲಿ ಸಿಡಿಲಿಗೆ ಟಿವಿ ಸುಟ್ಟುಕೊಂಡ ಮನೆ ಬೇಕಾದಷ್ಟಿವೆ. ಮಳೆ ಬಂದರೆ ಅಂಗಳದ ಕೊಬ್ಬರಿ ಒಳಗೆ ತರುವಂತೆ ಅದೂ ಒಂದು ಅಭ್ಯಾಸ. ಕೊಬ್ಬರಿ ಒಳಗೆ ತಂದದ್ದನ್ನು ಯಾರಾದರೂ ಡಾಕ್ಟರಿಗೆ ಹೇಳುತ್ತಾರೆಯೇ? ಹಾಗೆ ನಾವೂ ಹೇಳಿರಲಿಲ್ಲ.

ರೋಗ ಗೊತ್ತಾದ ಮೇಲೆ ಮದ್ದು ಸುಲಭವಾಯಿತು. ಅರೆಬರೆಯಾಗಿ ಕೂತದ್ದನ್ನು ಕಿತ್ತು ಹೊಸ ಆವೃತ್ತಿ ಹಾಕಲು ಕೆಟಲಿನವರು ಒಂದೊಂದೇ ಮೆಟ್ಟಿಲಾಗಿ ಹೇಳಿದರು, ನಾನು ಒಂದೊಂದೇ ಹತ್ತಿದೆ. ಹೊಸದರಲ್ಲಿ ಗಂಡಸಿನ ದನಿ! ತಡವರಿಕೆಯಿಲ್ಲ, ಮೂಗಿಲ್ಲ, ರೇಡಿಯೋದವರ ಹಾಗೆ ನುಣ್ಣಗೆ ಮಾತು. ಅಣ್ಣನ ಮುಖ ಅರಳಿತು. ‘ಅಂತೂ ಗಂಡಸಾದೆ’ ಎಂದು ಟೈಪ್ ಮಾಡಿ ನಮಗೆಲ್ಲ ಕೇಳಿಸಿದ. ನಾನು ಗೆದ್ದವಳಂತೆ ಹೋಗಿ ಆಯಿಯನ್ನು ಕೈ ಹಿಡಿದು ಕರೆತಂದು, ಅವಳ ಕುರ್ಚಿಯನ್ನೂ ತಂದು ಕೂರಿಸಿದೆ.

‘ಆಯಿ, ನಾನು ಮಾತಾಡೂದು’ ಎಂದಿತು ಆ ದನಿ.

ಆಯಿ ಸೆರಗು ಸರಿಮಾಡಿಕೊಂಡಳು. “ಯಾರು ಬಂದವ್ರು? ಕೂರಿ. ಚಾ ಕೊಡೇ ಅವ್ರಿಗೆ.”

‘ನಾನೇ ಆಯಿ, ನಿನ್ನ ಮಗ.’

ಅವಳು ದನಿ ಬಂದ ಕಡೆಗೆ ಮುಖ ತಿರುಗಿಸಿದಳು. ಆಮೇಲೆ ಹೊರಗಿನವರೊಡನೆ ಮಾತಾಡುವ ಮರ್ಯಾದೆಯಲ್ಲಿ, “ನೀವು ಒಳ್ಳೇವ್ರು ಕಾಣ್ತದೆ. ನನ್ನ ಮಗನ ಕೂಡೆ ಒಂದ್ಮಾತು ಹೇಳಿ. ನಾ ಅವ್ನ ದನಿಗೆ ನಗೆ ಮಾಡ್ದೆ, ತಪ್ಪಾಯ್ತು. ಮಾತಾಡು ಹೇಳಿ ಅವಂಗೆ” ಎಂದಳು.

ಅಣ್ಣ ಕೀಬೋರ್ಡಿನಿಂದ ಕೈ ತೆಗೆದುಬಿಟ್ಟ. ಅತ್ತಿಗೆ ಅಡುಗೆಮನೆಗೆ ಹೋದಳು. ನನಗೆ ಅಳು ಬಂತು, ಅಳುವಿನ ಹಿಂದೆಯೇ ಹಟವೂ ಬಂತು.

‘ನನಗೆ ಹಳೆಯ ದನಿಯೇ ಬೇಕು’ ಎಂದು ವೇದಿಕೆಯಲ್ಲಿ ಬರೆದೆ. ಮೊದಲು ಬಂದವರು ಬೇರೆಯವರು. ಹಳೆಯದನ್ನು ತೆಗೆದುಹಾಕಿದ್ದಾರೆ, ಅದು ಎಲ್ಲೂ ಸಿಗುವುದಿಲ್ಲ, ಇದೇ ಎಷ್ಟೋ ಚೆನ್ನಾಗಿದೆಯಲ್ಲ ಎಂದರು. ಚೆನ್ನಾಗಿರುವುದೇ ತೊಂದರೆ ಎಂದು ಅವರಿಗೆ ಹೇಗೆ ಹೇಳುವುದು? ಕೊನೆಗೆ ಗುಂಡಿ, ಆವೃತ್ತಿ, ಪರದೆ ಎಲ್ಲ ಬಿಟ್ಟು, ಇದ್ದದ್ದನ್ನು ಇದ್ದಂತೆ ಬರೆದೆ. ಅಣ್ಣನ ಗಂಟಲು, ಆಯಿಯ ಕಣ್ಣು, ಸಕ್ಕರೆಯ ಬೈಗುಳ, ಅವಳು ಕೇಳಿದ ಕ್ಷಮೆ. ‘ಈ ಹೊಸ ದನಿಯಲ್ಲಿ ಅವನು ಅವಳಿಗೆ ಮಗನಲ್ಲ’ ಎಂದು ಮುಗಿಸಿದೆ.

ಎಲ್ಲರಿಗೂ ಕಾಣುವ ಜಾಗದಲ್ಲಿ ಉತ್ತರ ಬರಲಿಲ್ಲ. ಕೆಟಲಿನವರು ನನಗೊಬ್ಬಳಿಗೇ ಬರೆದಿದ್ದರು.

‘ಹುಟ್ಟಿದಾಗಿನಿಂದ ನನಗೆ ಕಣ್ಣು ಕಾಣುವುದಿಲ್ಲ. ಫೋಟೋ ಬೇಡ ಎಂದದ್ದು ಅದಕ್ಕೇ, ಸಿಟ್ಟು ಮಾಡಿಕೊಂಡಿದ್ದರೆ ಬಿಟ್ಟುಬಿಡಿ. ನೀವು ಈಗ ಬರೆದದ್ದನ್ನೂ ನನಗೆ ಓದಿ ಹೇಳಿದ್ದು ನೀವು ಹುಡುಕುತ್ತಿರುವ ದನಿಯೇ. ನನ್ನ ಓದೆಲ್ಲ ಅದರಲ್ಲೇ ಆದದ್ದು. ಹೊಸದನ್ನು ನಾನೂ ಹಾಕಿಕೊಂಡಿಲ್ಲ. ನನ್ನಲ್ಲಿರುವುದರ ಒಂದು ಪ್ರತಿ ಕಳಿಸುತ್ತಿದ್ದೇನೆ. ಆದರೆ ಮೊದಲು ಒಂದು ಯುಪಿಎಸ್ ತಂದಿಡಿ, ಪ್ಲಗ್ ಕಿತ್ತರೂ ಅದರ ಬ್ಯಾಟರಿ ಸ್ವಲ್ಪ ಹೊತ್ತು ಕಂಪ್ಯೂಟರನ್ನು ನಡೆಸುತ್ತದೆ. ನಿಮ್ಮೂರಿನ ಗುಡುಗನ್ನು ನಿಲ್ಲಿಸುವುದು ನನ್ನಿಂದಾಗದು.’

ನನ್ನ ಪತ್ರವನ್ನು ಅವರಿಗೆ ಓದಿ ಹೇಳಿದವಳೂ ಆ ಮೂಗು ಕಟ್ಟಿದ ದನಿಯವಳೇ! ಕಾರವಾರದ ಬಸ್‌ಸ್ಟ್ಯಾಂಡಿನಲ್ಲಿ ಜನರ ನಡುವೆ ನಿಂತು ಅದನ್ನು ಮತ್ತೆ ಮತ್ತೆ ಓದಿದೆ. ಅವರ ಮೇಲೆ ಮನಸ್ಸಿನಲ್ಲಿ ಎಷ್ಟು ಹಾರಾಡಿದ್ದೆನೋ, ಅಷ್ಟೂ ಅಲ್ಲೇ ಇಳಿಯಿತು. ಬಸ್ ಒಂದು ಹೋದರೆ ಇನ್ನೊಂದು ಬರುತ್ತದೆ ಎಂದು ವಾಪಸ್ ನಡೆದು ಯುಪಿಎಸ್ ಕೊಂಡೆ. ಹಟ್ಟಿಕೇರಿ ದಾಟಿ ಮನೆ ಮುಟ್ಟುವವರೆಗೂ ಅದನ್ನು ತೊಡೆಯ ಮೇಲಿಟ್ಟುಕೊಂಡೇ ಕೂತಿದ್ದೆ.

ಕಂಪ್ಯೂಟರಿಗೆ ಅದನ್ನು ಜೋಡಿಸಿ, ಹಳೆಯ ದನಿಯನ್ನು ಕೂರಿಸಿದ್ದು ಮಾರನೆ ದಿನ ಸಂಜೆ. ಈ ಸಲ ನಾನು ಆಯಿಯನ್ನು ಕರೆಯಲು ಹೋಗಲಿಲ್ಲ. ಅಣ್ಣ ಎರಡೇ ಬೆರಳಿನಲ್ಲಿ ಟೈಪ್ ಮಾಡಿ ಗುಂಡಿ ಒತ್ತಿದ.

‘ಆಯಿ. ಚಾಕ್ಕೆ. ಎಷ್ಟು. ಸಕ್ಕರೆ. ಹಾಕಂಡೆ.’

ಒಳಕೋಣೆಯಲ್ಲಿ ಲೋಟ ಕೆಳಗಿಟ್ಟ ಸದ್ದಾಯಿತು. ಗೋಡೆ ಹಿಡಿದುಕೊಂಡು ಆಯಿ ತಾನೇ ಬಂದಳು. ಕುರ್ಚಿ ಅಲ್ಲಿರಲಿಲ್ಲ, ಅತ್ತಿಗೆ ಓಡಿ ತಂದಿಟ್ಟಳು.

“ಸಿಟ್ಟು ಇಳೀತಾ ತಮಾ?”

ಅಣ್ಣ ಬರೆಯುತ್ತಿದ್ದಂತೆ ದೂರದಲ್ಲಿ ಗುಡುಗು ಉರುಳಿತು. ಯಂತ್ರ ಓದಿತು: ‘ನಂಗೆ. ನಿನ್ನ. ಮೇಲೆ. ಸಿಟ್ಟಿಲ್ಲ. ಯಾವತ್ತೂ. ಇಲ್ಲ.’

“ಇನ್ನೊಂದ್ಸಲ ಹೇಳು” ಎಂದಳು ಆಯಿ.

ಅವನು ಹೊಸದಾಗಿ ಬರೆಯಬೇಕಾಗಿರಲಿಲ್ಲ, ಗುಂಡಿ ಒತ್ತಿದ. ಅದೇ ಮೂಗು, ಅದೇ ನಿಲುಗಡೆ, ಅದೇ ಮಾತು. ಗುಡುಗು ಹತ್ತಿರಾಯಿತು. ಅತ್ತಿಗೆ ಎದ್ದು ಹೋಗಿ ಟಿವಿಯ ಪ್ಲಗ್ ಕಿತ್ತಳು, ಫ್ರಿಜ್ಜಿನದು ಕಿತ್ತಳು, ಗೋಡೆಯಲ್ಲಿ ಉಳಿದಿದ್ದ ಯುಪಿಎಸ್ಸಿನದನ್ನೂ ಕಿತ್ತು ಕೈಯಲ್ಲಿ ಹಿಡಿದು ನಿಂತಳು.

“ಇನ್ನೊಂದ್ಸಲ.”

ಅಣ್ಣ ಒತ್ತಿದ. ಗೋಡೆಯಲ್ಲಿ ಒಂದು ಪ್ಲಗ್ಗೂ ಇರಲಿಲ್ಲ, ದನಿ ಮಾತ್ರ ಇತ್ತು.