ಬರ್ರಿ, ಕುಂಡ್ರಿ ಎಂದ ಷೆಲ್

ಗದಗಿನ ನಮ್ಮ ಕಾಲೇಜಿನ ಸರ್ವರಿನಲ್ಲಿ ನಾನೇ ಒಂದು ಷೆಲ್ ಹಾಕಿದ್ದೆ. ನಾವು ಟೈಪ್ ಮಾಡಿದ್ದನ್ನು ಯಂತ್ರಕ್ಕೆ ಮುಟ್ಟಿಸುವ ಉಚಿತ ತಂತ್ರಾಂಶ ಅದು. ಅದರ ಮೂಲ ಕೋಡ್ ಇಳಿಸಿಕೊಂಡು, ಯಂತ್ರ ನಡೆಸಬಲ್ಲ ರೂಪಕ್ಕೆ ಕಂಪೈಲ್ ಮಾಡಿದೆ. ಶುರುವಾಗುವಾಗ ಅದು ಓದಿಕೊಳ್ಳುವ ಫೈಲಿನಲ್ಲಿ ಒಂದು ಸಾಲನ್ನೂ ಸೇರಿಸಿದೆ. ಯಾರೇ ಲಾಗಿನ್ ಆಗಲಿ, ಪರದೆಯ ಮೇಲೆ 'ಬರ್ರಿ, ಕುಂಡ್ರಿ' ಎಂದು ಬರಬೇಕು. ಬಂದವರನ್ನು ಮಾತಾಡಿಸದೆ ಇರುವ ಜನ ನಾವಲ್ಲ.

ಮರುದಿನದಿಂದ ಮುಂಡರಗಿ ಶಾಖೆಯ ಫೈಲುಗಳು ಬರುವುದು ನಿಂತಿತು. ಮಕ್ಕಳ ಪರೀಕ್ಷೆಯ ಅಂಕಗಳೆಲ್ಲ ಅವುಗಳಲ್ಲಿದ್ದವು. ಕಂಪೈಲಿನಲ್ಲೇ ಎಡವಿರಬೇಕೆಂದು ಮತ್ತೆ ಮತ್ತೆ ಮಾಡಿದೆ. ಊಟ ರುಚಿಸಲಿಲ್ಲ. ಪ್ರಿನ್ಸಿಪಾಲರು ಎದುರಾದರೆ ದಾರಿ ಬದಲಿಸುತ್ತಿದ್ದೆ. ಕೊನೆಗೆ ಮುಂಡರಗಿಯ ಸಹೋದ್ಯೋಗಿ ಫೋನ್ ಮಾಡಿದರು.

"ಸರ್, ಫೈಲ್ ಕಳಸಾಕ ಹೋದ್ರ ನಿಮ್ಮ ಮಷಿನ್ ಮೊದಲ ಏನೋ ಮಾತಾಡತೈತ್ರಿ. ನಮ್ಮ ಮಷಿನಿಗೆ ಅದು ತಿಳಿಯವಲ್ದು, ಅಲ್ಲೇ ನಿಂತಬಿಡತೈತಿ."

ಸಿಟ್ಟು ಬಂತು, ಯಾರ ಮೇಲೆಂದು ಗೊತ್ತಾಗಲಿಲ್ಲ. ಫೈಲ್ ಕಳಿಸುವ ಯಂತ್ರವೂ ಲಾಗಿನ್ ಆಗಿಯೇ ಬರುತ್ತದೆ, ನನ್ನ ಷೆಲ್ ಅದಕ್ಕೂ 'ಬರ್ರಿ, ಕುಂಡ್ರಿ' ಎನ್ನುತ್ತಿತ್ತು. ಆ ಸಾಲು ಅಳಿಸಿದೆ. ಫೈಲುಗಳು ತೆಪ್ಪಗೆ ಬಂದವು. ಈಗ ಲಾಗಿನ್ ಆದರೆ ಖಾಲಿ ಪರದೆಯಲ್ಲಿ ನಮ್ಮ ಆಜ್ಞೆಗೆ ಕಾಯುವ ಡಾಲರ್ ಗುರುತೊಂದೇ ನಿಂತಿರುತ್ತದೆ, ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿ 'ಏನ್ ಬೇಕಾಗಿತ್ರಿ' ಎಂದು ಕೇಳುವ ಮನೆಯವರ ಹಾಗೆ.